ಬ್ಯೂನಸ್ ಐರಿಸ್‌ನ ಹೆಸರಾಂತ ಸ್ಟೇಕ್‌ಹೌಸ್‌ನಲ್ಲಿ ಊಟ: ಮೇಜು ಕಾಯ್ದಿರಿಸುವುದರಿಂದ ಬಿಲ್ ಕೊಡುವವರೆಗೆ

ಅರ್ಜೆಂಟೀನಾಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಬ್ಯೂನಸ್ ಐರಿಸ್‌ನ ಹೆಸರಾಂತ ಸ್ಟೇಕ್‌ಹೌಸ್ ಒಂದರಲ್ಲಿ ಒಂದು ಹೊತ್ತಾದರೂ ಉಣ್ಣಬೇಕೆಂದು ಊರು ಬಿಡುವ ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಸ್ಟೇಕ್ ಎಂದರೆ ದನದ ಮಾಂಸದ ದಪ್ಪ ತುಂಡು; ಅದನ್ನು ಕೆಂಡದ ಮೇಲೆ ಸುಟ್ಟು ಬಡಿಸುವ ಇಂಥ ಊಟದ ಮನೆಯನ್ನು ಅಲ್ಲಿನವರು ‘ಪರೀಷಾ’ ಎನ್ನುತ್ತಾರೆ. ಮಾಂಸ ಸುಡುವ ಕಬ್ಬಿಣದ ಜಾಲರಿಗೂ ಅದೇ ಹೆಸರು. ಓಣಿಯ ಮೂಲೆಯ ಹತ್ತು ಮೇಜಿನ ಅಂಗಡಿಯಿಂದ ಹಿಡಿದು ಊಟದ ಮನೆಗಳಿಗೆ ದರ್ಜೆ ಕೊಡುವ ಮಿಶೆಲಿನ್ ಮಾರ್ಗದರ್ಶಿಯಿಂದ ತಾರೆ ಪಡೆದ ಭೋಜನಶಾಲೆಯವರೆಗೆ ಎಲ್ಲ ಬಗೆಯ ಪರೀಷಾಗಳು ಆ ನಗರದಲ್ಲಿವೆ. ಹೆಸರು ಕೇಳಿ ಹೋದವರಲ್ಲಿ ಅನೇಕರು ತಲೆಗೊಂದರಂತೆ ದೊಡ್ಡ ಸ್ಟೇಕ್ ತರಿಸಿಕೊಂಡು, ಅರ್ಧ ತಿಂದು ಅರ್ಧ ಬಿಟ್ಟು, ಒಂದು ಗಂಟೆಯೊಳಗೆ ಎದ್ದು ಬರುತ್ತಾರೆ. ಈ ಊಟದ ಸೊಗಸೆಲ್ಲ ಕಡಿಮೆ ತರಿಸಿ, ಹಂಚಿಕೊಂಡು, ಕೆಂಡದ ಮುಂದೆ ನಿಂತವನಿಗೆ ಅವನ ಸಮಯವನ್ನು ಕೊಟ್ಟು ಉಣ್ಣುವುದರಲ್ಲಿದೆ. ಆ ದೃಷ್ಟಿಯಿಂದಲೇ ಮುಂದಿನ ಹಂತಗಳನ್ನು ವಿವರಿಸಿದ್ದೇನೆ. ದನದ ಮಾಂಸ ತಿನ್ನುವುದು, ಬಿಡುವುದು ಅವರವರ ಮನೆ ಮತ್ತು ಮನಸ್ಸಿಗೆ ಸೇರಿದ ವಿಷಯ. ತಿನ್ನದವರು ಸ್ನೇಹಿತರೊಡನೆಯೋ ಸಹೋದ್ಯೋಗಿಗಳೊಡನೆಯೋ ಇಂಥ ಮೇಜಿನ ಮುಂದೆ ಕೂರಬೇಕಾಗಿ ಬಂದಾಗ ಏನು ಮಾಡಬೇಕೆಂಬುದನ್ನೂ ವಿವರವಾಗಿ ಹೇಳಿದ್ದೇನೆ.

ಮೊದಲ ಹೆಜ್ಜೆ: ಯಾವ ಮನೆ ಎಂದು ನಿರ್ಧರಿಸುವುದು

ಎಲ್ಲರ ಬಾಯಲ್ಲಿರುವ ಹೆಸರು ದೊನ್ ಹೂಲಿಯೊ. ಪಲೆರ್ಮೊ ಬಡಾವಣೆಯಲ್ಲಿ ಗ್ವಾತೆಮಾಲಾ ಮತ್ತು ಗುರ್ರುಚಾಗಾ ಎಂಬ ಎರಡು ಬೀದಿಗಳು ಕೂಡುವ ಮೂಲೆಯಲ್ಲಿ 1999ರಲ್ಲಿ ಪಾಬ್ಲೊ ರಿವೇರೊ ತಮ್ಮ ಕುಟುಂಬದವರೊಡನೆ ತೆರೆದ ಈ ಊಟದ ಮನೆ ಮೊದಲು ನೆರೆಹೊರೆಯವರ ಸಾಧಾರಣ ಪರೀಷಾ ಆಗಿತ್ತು. 2020ರಲ್ಲಿ, ಮತ್ತೆ 2024ರಲ್ಲಿ, ಲ್ಯಾಟಿನ್ ಅಮೆರಿಕದ 50 ಅತ್ಯುತ್ತಮ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಮಿಶೆಲಿನ್ ಮಾರ್ಗದರ್ಶಿ 2023ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಬ್ಯೂನಸ್ ಐರಿಸ್ ಮತ್ತು ಮೆಂಡೋಸಾಗಳ ಆವೃತ್ತಿಯನ್ನು ತಂದಾಗ ಅದಕ್ಕೆ ಒಂದು ತಾರೆಯನ್ನೂ, ಪರಿಸರದ ಕಾಳಜಿಗಾಗಿ ಹಸಿರು ತಾರೆಯನ್ನೂ ಕೊಟ್ಟಿತು. ಇಷ್ಟೆಲ್ಲ ಆದ ಮೇಲೂ ಒಳಗಿನ ವಾತಾವರಣ ಬಿಗುಮಾನದ್ದಲ್ಲ. ಊಟ ಮಾಡಿದವರು ಸಹಿ ಹಾಕಿ ಬಿಟ್ಟುಹೋದ ಖಾಲಿ ವೈನ್ ಬಾಟಲಿಗಳು ಗೋಡೆಯುದ್ದಕ್ಕೂ ಸಾಲುಗಟ್ಟಿ ನಿಂತಿವೆ, ಕೆಂಡದ ಒಲೆ ಊಟಗಾರರ ಕಣ್ಣಳತೆಯಲ್ಲೇ ಉರಿಯುತ್ತದೆ.

ಅಲ್ಲಿ ಜಾಗ ಸಿಗದಿದ್ದರೆ ಪ್ರವಾಸವೇ ವ್ಯರ್ಥವಾಯಿತೆಂದು ಭಾವಿಸುವ ಅಗತ್ಯವಿಲ್ಲ. ಅದೇ ಪಲೆರ್ಮೊದಲ್ಲಿರುವ ಲಾ ಕಬ್ರೇರಾ ಮಾಂಸದ ಜೊತೆಗೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹತ್ತಾರು ಬಗೆಯ ಪಕ್ಕದ ತಿನಿಸುಗಳನ್ನು ತಂದಿಡುವುದಕ್ಕೆ ಹೆಸರಾಗಿದೆ. ಹಳೆಯ ಸಾನ್ ತೆಲ್ಮೊ ಬಡಾವಣೆಯ ಲಾ ಬ್ರಿಗಾದಾದಲ್ಲಿ ಗೋಡೆಗಳ ತುಂಬ ಫುಟ್‌ಬಾಲ್ ನೆನಪಿನ ವಸ್ತುಗಳಿವೆ. ಬಡಿಸುವವರು ಬೆಂದ ಮಾಂಸವನ್ನು ಮೇಜಿನ ಪಕ್ಕದಲ್ಲೇ ಚಮಚದಿಂದ ಕತ್ತರಿಸಿ ಕೊಡುತ್ತಾರೆ. ಚಮಚದ ಅಂಚು ಮಾಂಸದೊಳಗೆ ತಡೆಯಿಲ್ಲದೆ ಇಳಿಯುವುದನ್ನು ನೋಡಲೆಂದೇ ಬರುವವರಿದ್ದಾರೆ. ಪುಯೆರ್ತೊ ಮದೇರೊದ ಹಳೆಯ ಬಂದರು ಕಟ್ಟೆಯ ಮೇಲಿರುವ ಕಬಾನ್ಯಾ ಲಾಸ್ ಲಿಲಾಸ್ ನೀರಿನ ಪಕ್ಕದಲ್ಲಿ ಕುಳಿತು ಉಣ್ಣಬಯಸುವವರಿಗೆ, ವ್ಯವಹಾರದ ಅತಿಥಿಗಳನ್ನು ಕರೆದೊಯ್ಯುವವರಿಗೆ ಹೊಂದುತ್ತದೆ. ದಿನ ಹೆಚ್ಚು ಇದ್ದರೆ ಒಂದು ಹೊತ್ತು ಹೆಸರಾಂತ ಮನೆಯಲ್ಲೂ ಇನ್ನೊಂದು ಹೊತ್ತು ಹೆಸರಿಲ್ಲದ ಓಣಿಯ ಪರೀಷಾದಲ್ಲೂ ಉಂಡು ನೋಡಿ. ಎರಡನೆಯದನ್ನು ಹೋಟೆಲಿನ ಸ್ವಾಗತಕಾರರನ್ನು ಕೇಳುವುದಕ್ಕಿಂತ ಟ್ಯಾಕ್ಸಿ ಚಾಲಕರನ್ನು ಕೇಳಿ ತಿಳಿಯುವುದು ಮೇಲು.

ಎರಡನೆಯ ಹೆಜ್ಜೆ: ಜಾಗ ಹಿಡಿಯುವುದು

ದೊನ್ ಹೂಲಿಯೊದಂಥ ಮನೆಗೆ ತಿಂಗಳುಗಳ ಮೊದಲೇ ಜಾಲತಾಣದ ಮೂಲಕ ಮೇಜು ಕಾಯ್ದಿರಿಸಬೇಕು. ವಿಮಾನದ ಟಿಕೆಟ್ ಖಚಿತವಾದ ದಿನವೇ ಈ ಕೆಲಸವನ್ನೂ ಮಾಡಿಬಿಡುವುದು ಒಳ್ಳೆಯದು. ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೇಳುವುದಿದ್ದರೆ ಅರ್ಜೆಂಟೀನಾದ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದಿದೆ ಎಂಬುದು ನೆನಪಿರಲಿ: ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ರಾತ್ರಿ ಎಂಟೂವರೆ. ಕೆಲವು ಮನೆಗಳು ಕಾಯ್ದಿರಿಸುವಾಗ ಕ್ರೆಡಿಟ್ ಕಾರ್ಡ್ ವಿವರ ಕೇಳುತ್ತವೆ. ಭಾರತದಲ್ಲಿ ಹೊಸದಾಗಿ ಕೊಡುವ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದಲೇ ಮುಚ್ಚಿರುತ್ತದೆ; ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ನೀವೇ ತೆರೆದುಕೊಳ್ಳದಿದ್ದರೆ ಕಾಯ್ದಿರಿಸುವಿಕೆ ಅಲ್ಲೇ ನಿಂತುಹೋಗುತ್ತದೆ.

ಕಾಯ್ದಿರಿಸಲು ಆಗದವರಿಗೂ ದಾರಿ ಮುಚ್ಚಿಲ್ಲ. ದೊನ್ ಹೂಲಿಯೊ ನೇರವಾಗಿ ಬಂದವರಿಗೂ ಸ್ವಲ್ಪ ಜಾಗ ಬಿಟ್ಟಿರುತ್ತದೆ. ಮಧ್ಯಾಹ್ನದ ಅಥವಾ ಸಂಜೆಯ ಬಾಗಿಲು ತೆರೆಯುವ ಮುನ್ನವೇ ಹೋಗಿ ಹೆಸರು ಬರೆಸಿ, ಕರೆಯುವವರೆಗೆ ಕಾಯಬೇಕು. ಕಾಯುತ್ತ ನಿಂತವರಿಗೆ ನೊರೆಯುಕ್ಕುವ ವೈನ್ ಮತ್ತು ಬಿಸಿ ಎಂಪನಾದಾ (ಹೂರಣ ತುಂಬಿದ ಕಡುಬು) ಹಂಚುವ ಸಂಪ್ರದಾಯ ಆ ಮನೆಯಲ್ಲಿದೆ. ಕಾಯುವುದೂ ಊಟದ ಭಾಗವೇ ಎಂದು ಅವರು ನಂಬಿದ್ದಾರೆಂದು ತೋರುತ್ತದೆ, ಮತ್ತು ಅದು ನನಗೆ ತುಂಬ ಹಿಡಿಸುವ ನಡವಳಿಕೆ. ಇಬ್ಬರೇ ಇದ್ದರೆ ಬೇಗ ಕರೆಯುತ್ತಾರೆ, ಆರು ಜನರ ಗುಂಪಾದರೆ ಕಾಯ್ದಿರಿಸದೆ ಹೋಗಲೇಬೇಡಿ. ಅಲ್ಲಿನವರು ರಾತ್ರಿ ಒಂಬತ್ತೂವರೆ, ಹತ್ತಕ್ಕೆ ಊಟಕ್ಕೆ ಹೊರಡುವವರು. ಆದ್ದರಿಂದ ನಮ್ಮಂತೆ ಏಳೂವರೆ ಎಂಟಕ್ಕೆ ಹಸಿಯುವವರಿಗೆ ಸಂಜೆಯ ಮೊದಲ ಪಾಳಿ ಸಹಜವಾಗಿಯೇ ಅನುಕೂಲ. ಇನ್ನೂ ಉತ್ತಮವೆಂದರೆ ವಾರದ ನಡುವಿನ ಒಂದು ಮಧ್ಯಾಹ್ನ. ಭಾರವಾದ ಈ ಊಟ ಅರಗಲು ಇಡೀ ಸಂಜೆ ಉಳಿದಿರುತ್ತದೆ, ಪಲೆರ್ಮೊದ ಮರಗಳ ನೆರಳಿನಲ್ಲಿ ನಡೆದಾಡಬಹುದು. ಭಾನುವಾರ ಮಧ್ಯಾಹ್ನ ಮಾತ್ರ ಬೇಡ. ಅದು ಅಲ್ಲಿ ಮನೆಮಂದಿಯೆಲ್ಲ ಸೇರಿ ಉಣ್ಣುವ ಹೊತ್ತು.

ದೊನ್ ಹೂಲಿಯೊಗೆ ಮೆಟ್ರೊದಲ್ಲಿ ಹೋಗುವುದಾದರೆ ಡಿ ಮಾರ್ಗದ ಪ್ಲಾಸಾ ಇತಾಲಿಯಾ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು. ಕೋಟು, ಟೈ ಬೇಕಿಲ್ಲ; ಅಚ್ಚುಕಟ್ಟಾದ ಉಡುಪು ಸಾಕು. ಒಲೆಯ ಹತ್ತಿರದ ಮೇಜು ಸಿಕ್ಕಿದರೆ ಬಟ್ಟೆಗೆ ಹೊಗೆಯ ವಾಸನೆ ಹಿಡಿಯುತ್ತದೆ ಎಂಬುದಷ್ಟು ತಿಳಿದಿರಲಿ.

ಮೂರನೆಯ ಹೆಜ್ಜೆ: ತರಿಸುವ ಮೊದಲು ಒಲೆಯನ್ನು ನೋಡುವುದು

ಕುಳಿತ ಕೂಡಲೇ ಪಟ್ಟಿ ಹಿಡಿಯುವ ಬದಲು ಅನುಮತಿ ಕೇಳಿ ಒಲೆಯ ಬಳಿಗೆ ಹೋಗಿ ಐದು ನಿಮಿಷ ನಿಂತು ನೋಡಿ. ಯಾರೂ ಬೇಡವೆನ್ನುವುದಿಲ್ಲ. ಒಲೆಯ ಒಂದು ಬದಿಯಲ್ಲಿ ಕಬ್ಬಿಣದ ಪಂಜರದೊಳಗೆ ಸೌದೆ ಉರಿಯುತ್ತಿರುತ್ತದೆ. ಉರಿದು ಕೆಂಡವಾದದ್ದು ಸರಳುಗಳ ಸಂದಿಯಿಂದ ಕೆಳಗೆ ಬೀಳುತ್ತದೆ. ಸುಡುವವನು, ಅಂದರೆ ‘ಪರಿಷೇರೊ’, ಉದ್ದನೆಯ ಸಲಾಕೆಯಿಂದ ಆ ಕೆಂಡವನ್ನು ಎಳೆದು ಜಾಲರಿಯ ಅಡಿಯಲ್ಲಿ ಹರಡುತ್ತಾನೆ, ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ತೆಳ್ಳಗೆ. ಜ್ವಾಲೆ ಮಾಂಸವನ್ನು ಮುಟ್ಟುವುದೇ ಇಲ್ಲ. ಅನೇಕ ಒಲೆಗಳ ಜಾಲರಿಯ ಸರಳುಗಳನ್ನು ತೋಡಿನ ಆಕಾರದಲ್ಲಿ ಮಡಚಿ ಮುಂದಕ್ಕೆ ತುಸು ಬಾಗಿಸಿ ಜೋಡಿಸಿರುತ್ತಾರೆ. ಕರಗಿದ ನೆಣ ಕೆಂಡದ ಮೇಲೆ ತೊಟ್ಟಿಕ್ಕಿ ಬೆಂಕಿ ಎಬ್ಬಿಸುವ ಬದಲು ಆ ತೋಡುಗಳಲ್ಲಿ ಹರಿದು ಮುಂದಿನ ತಟ್ಟೆಗೆ ಸೇರುತ್ತದೆ. ಒಂದು ಚಕ್ರ ತಿರುಗಿಸಿ ಜಾಲರಿಯನ್ನೇ ಮೇಲಕ್ಕೆತ್ತಲು, ಇಳಿಸಲು ಬರುತ್ತದೆ. ಮಸಾಲೆಯೆಂದರೆ ದಪ್ಪ ಉಪ್ಪು ಮಾತ್ರ. ಮಾಂಸ ಒಲೆಯ ಮೇಲೆ ಬಹಳ ಹೊತ್ತು ಇರುತ್ತದೆ, ತಿರುವಿ ಹಾಕುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಸುಡುವವನ ಕೈ ಜಾಲರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಕ್ಷಣಕಾಲ ನಿಂತು ಬಿಸಿಯನ್ನು ಅಳೆದು, ಮತ್ತೆ ಸಲಾಕೆಯ ಕಡೆಗೆ ಹೋಗುವುದನ್ನು ಗಮನಿಸಿ. ಊಟ ಬರಲು ಏಕೆ ತಡವಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಪಟ್ಟಿಯನ್ನು ಓದಿ ತರಿಸುವುದು

ಊಟ ಮೊದಲು ಸಣ್ಣ ತಿನಿಸುಗಳಿಂದ ಆರಂಭವಾಗುತ್ತದೆ. ಎಂಪನಾದಾ ಎಂಬುದು ಮೈದಾ ಹಾಳೆಯೊಳಗೆ ಹೂರಣ ತುಂಬಿ ಅರ್ಧಚಂದ್ರದಂತೆ ಮಡಚಿ ಬೇಯಿಸಿದ್ದು. ತಲೆಗೆ ಒಂದಕ್ಕಿಂತ ಹೆಚ್ಚು ಬೇಡ. ಪ್ರೊವೊಲೆತಾ ಎಂಬುದು ದುಂಡಗಿನ ದಪ್ಪ ಚೀಸ್ ಬಿಲ್ಲೆಯನ್ನು ಕೆಂಡದ ಮೇಲೆ ಹೊರಗೆ ಕೆಂಪಗೆ ಗರಿಯಾಗುವಂತೆ, ಒಳಗೆ ಕರಗುವಂತೆ ಸುಟ್ಟು ಓರೆಗಾನೊ ಉದುರಿಸಿ ಕೊಡುವ ತಿನಿಸು. ಬಂದ ತಕ್ಷಣ ತಿನ್ನಬೇಕು, ಐದು ನಿಮಿಷ ಬಿಟ್ಟರೆ ರಬ್ಬರಿನಂತಾಗುತ್ತದೆ. ಚೊರೀಸೊ ಎಂಬುದು ಹಂದಿ ಮತ್ತು ದನದ ಮಾಂಸ ಬೆರೆಸಿದ ಸಾಸೇಜ್, ಮೊರ್ಸೀಷಾ ಎಂಬುದು ರಕ್ತದಿಂದ ಮಾಡಿದ ಕಪ್ಪು ಸಾಸೇಜ್. ಒಳಾಂಗಗಳ ಪೈಕಿ ‘ಮೊಷೇಹಾಸ್’ ಎಂಬ ಥೈಮಸ್ ಗ್ರಂಥಿಗೆ ಅಲ್ಲಿ ಬಹಳ ಬೇಡಿಕೆ. ನಿಂಬೆರಸ ಹಿಂಡಿದ ಅದರ ಗರಿ ಹೊರಪದರ ಮತ್ತು ಮೆತ್ತನೆಯ ಒಳಭಾಗ ಮೊದಲ ತುತ್ತಿಗೇ ಮನ ಗೆಲ್ಲುತ್ತದೆ. ‘ಚಿಂಚುಲೀನೆಸ್’ ಎಂದರೆ ಸಣ್ಣ ಕರುಳು. ನಮ್ಮಲ್ಲಿ ಬೋಟಿ ತಿಂದು ಬೆಳೆದವರಿಗೆ ಅದು ಹಳೆಯ ಪರಿಚಯದಂತೆಯೇ ಅನ್ನಿಸುತ್ತದೆ, ಮಸಾಲೆಯಿಲ್ಲ, ಗರಿಗರಿ ಎನ್ನುವುದೊಂದೇ ವ್ಯತ್ಯಾಸ. ನಾಲ್ವರು ಇದ್ದರೆ ಇವುಗಳಲ್ಲಿ ಎರಡು ಬಗೆ ಸಾಕು.

ಇನ್ನು ಮುಖ್ಯ ತುಂಡುಗಳು. ಇಲ್ಲೇ ಹೆಚ್ಚಿನವರು ತಪ್ಪುವುದು. ‘ಬೀಫೆ ದೆ ಚೊರೀಸೊ’ ಎಂದು ಓದಿ ಸಾಸೇಜ್ ಬರುತ್ತದೆಂದು ತಿಳಿಯಬೇಡಿ. ಅದು ಬೆನ್ನಿನ ಕೆಳಭಾಗದ, ಒಂದು ಅಂಚಿಗೆ ನೆಣದ ಪಟ್ಟಿಯಿರುವ ದಪ್ಪ ಸ್ಟೇಕ್. ಮೊದಲ ಬಾರಿಗೆ ಹೋದವರಿಗೆ ನಾನು ಸೂಚಿಸುವುದು ಇದನ್ನೇ, ಏಕೆಂದರೆ ಮಾಂಸದ ರುಚಿ, ನೆಣದ ರುಚಿ ಎರಡೂ ಇದರಲ್ಲಿ ಬೇರೆಬೇರೆಯಾಗಿ ತಿಳಿಯುತ್ತವೆ. ‘ಓಹೊ ದೆ ಬೀಫೆ’ ಪಕ್ಕೆಲುಬಿನ ಮೇಲ್ಭಾಗದ್ದು, ನೆಣ ನಡುನಡುವೆ ಹರಡಿರುವುದರಿಂದ ಇನ್ನಷ್ಟು ರಸವತ್ತು. ‘ಲೋಮೊ’ ಎಲ್ಲಕ್ಕಿಂತ ಮೃದು, ಬೆಲೆಯೂ ಹೆಚ್ಚು, ಆದರೆ ರುಚಿಯಲ್ಲಿ ಸೌಮ್ಯ. ಹಲ್ಲಿನ ತೊಂದರೆ ಇರುವ ಹಿರಿಯರಿಗೆ ಅದೇ ಒಳ್ಳೆಯದು. ‘ಎಂತ್ರಾನ್ಯಾ’ ಎಂದರೆ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ, ತೆಳು ಪಟ್ಟಿ, ಬೇಗ ಬೇಯುತ್ತದೆ, ರುಚಿ ಗಾಢ. ‘ಅಸಾದೊ ದೆ ತೀರಾ’ ಎಂದರೆ ಅಡ್ಡಲಾಗಿ ಕೊಯ್ದ ಪಕ್ಕೆಲುಬು. ಅಲ್ಲಿನವರ ಭಾನುವಾರದ ಊಟದಲ್ಲಿ ಇದಕ್ಕೂ ಹೊಟ್ಟೆಯ ಬದಿಯ ‘ಬಸೀಯೊ’ಗೂ ಮೊದಲ ಸ್ಥಾನ. ಇವೆರಡನ್ನು ಕಚ್ಚಿ ಅಗಿದು ತಿನ್ನಬೇಕು. ಮೃದುತ್ವವನ್ನಷ್ಟೇ ಹುಡುಕುವವರಿಗೆ ಹಿಡಿಸಲಾರದು, ಆದರೆ ರುಚಿ ಬಲ್ಲವರು ಕೊನೆಗೆ ಬಂದು ನಿಲ್ಲುವುದು ಇವುಗಳ ಬಳಿಗೇ.

ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುವಾಗ ಒಂದು ಸಣ್ಣ ನೆರವು: ಬ್ಯೂನಸ್ ಐರಿಸ್‌ನಲ್ಲಿ ಜೋಡಿ ಎಲ್ ಅಕ್ಷರವನ್ನು ‘ಷ’ ಎಂದೂ, ಜೆ ಅಕ್ಷರವನ್ನು ‘ಹ’ ಎಂದೂ ಉಚ್ಚರಿಸುತ್ತಾರೆ.

ಪ್ರಮಾಣದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಒಂದು ಬೀಫೆ ದೆ ಚೊರೀಸೊ ಸಾಮಾನ್ಯವಾಗಿ 400ರಿಂದ 500 ಗ್ರಾಂ ತೂಗುತ್ತದೆ, ಅಂದರೆ ಮೊದಲು ಸಣ್ಣ ತಿನಿಸು ತಿಂದ ಇಬ್ಬರಿಗೆ ಒಂದು ತುಂಡು ಧಾರಾಳ. ಹಂಚಿಕೊಳ್ಳುವುದನ್ನು ಅಲ್ಲಿ ಯಾರೂ ಜಿಪುಣತನವೆಂದು ಬಗೆಯುವುದಿಲ್ಲ. ‘ಪರಾ ಕೊಂಪರ್ತೀರ್’ ಎಂದರೆ ಬಡಿಸುವವರೇ ಎರಡು ತಟ್ಟೆಗೆ ಪಾಲು ಮಾಡಿ ಕೊಡುತ್ತಾರೆ. ನಾಲ್ವರಿದ್ದರೆ ಎರಡು ಬೇರೆಬೇರೆ ತುಂಡುಗಳನ್ನು ಒಂದರ ನಂತರ ಒಂದು ಬರುವಂತೆ ಹೇಳಿ. ಎರಡೂ ಒಟ್ಟಿಗೆ ಬಂದರೆ ಒಂದು ಆರಿಹೋಗುತ್ತದೆ, ಆರಿದ ದನದ ಮಾಂಸದ ನೆಣ ಮೇಣದಂತೆ ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ. ಪಕ್ಕದ ತಿನಿಸುಗಳು ಬೇರೆ ದರದವು, ಕೇಳಿ ತರಿಸಬೇಕು: ಕರಿದ ಆಲೂಗಡ್ಡೆ (ಫ್ರೆಂಚ್ ಫ್ರೈಸ್), ಟೊಮೆಟೊ-ಈರುಳ್ಳಿ-ಲೆಟ್ಯೂಸ್ ಸಲಾಡ್, ಸುಟ್ಟ ಕುಂಬಳ ಮತ್ತು ದಪ್ಪ ಮೆಣಸಿನಕಾಯಿ.

ಮೇಜಿನ ಮೇಲೆ ಚಿಮಿಚುರ್ರಿ ಇರುತ್ತದೆ: ಪಾರ್ಸ್ಲಿ, ಓರೆಗಾನೊ, ಬೆಳ್ಳುಳ್ಳಿ, ಒಣಮೆಣಸಿನ ತರಿ, ಎಣ್ಣೆ, ವಿನೆಗರ್ ಸೇರಿಸಿದ್ದು. ಇದರ ಜೊತೆಗೆ ಟೊಮೆಟೊ, ಈರುಳ್ಳಿ, ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹುಳಿ ಹಾಕಿದ ಸಾಲ್ಸಾ ಕ್ರಿಯೋಷಾ. ಎರಡರಲ್ಲೂ ನಮ್ಮವರು ನಿರೀಕ್ಷಿಸುವ ಖಾರ ಇರುವುದಿಲ್ಲ. ಚೊರೀಸೊಗೆ ಧಾರಾಳವಾಗಿ ಹಾಕಿಕೊಳ್ಳಿ, ಆದರೆ ಒಳ್ಳೆಯ ಸ್ಟೇಕ್‌ನ ಮೊದಲ ಎರಡು ತುತ್ತುಗಳನ್ನು ಬರಿದಾಗಿಯೇ ತಿನ್ನಿ. ಉಪ್ಪು, ಹೊಗೆ ಮತ್ತು ನೆಣ ಸೇರಿ ಆಗುವ ರುಚಿಗಾಗಿಯೇ ಇಷ್ಟು ದೂರ ಬಂದಿರುವುದು.

ಐದನೆಯ ಹೆಜ್ಜೆ: ಎಷ್ಟು ಬೇಯಬೇಕೆಂದು ಹೇಳುವುದು

ಬಡಿಸುವವರು ಕೇಳುವ ಈ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ‘ಹುಗೋಸೊ’ ಎಂದರೆ ಹೊರಗೆ ಕಂದು, ಒಳಗೆ ಕೆಂಪು, ಕೊಯ್ದರೆ ರಸ ಒಸರುತ್ತದೆ. ‘ಆ ಪುಂತೊ’ ಎಂದರೆ ಒಳಗೆ ನಸುಗೆಂಪು, ರಸ ಇನ್ನೂ ಉಳಿದಿರುತ್ತದೆ. ‘ಬಿಯೆನ್ ಕೊಸೀದೊ’ ಎಂದರೆ ಪೂರ್ತಿ ಬೆಂದದ್ದು, ಕೆಂಪು ಎಲ್ಲೂ ಕಾಣದು. ‘ವುಯೆಲ್ತಾ ಇ ವುಯೆಲ್ತಾ’ ಎಂದರೆ ಎರಡೂ ಬದಿ ಸುಮ್ಮನೆ ಬಿಸಿ ತಾಗಿಸಿದ್ದು, ಒಳಗೆ ಬಹುತೇಕ ಹಸಿ. ಚೆನ್ನಾಗಿ ಬೇಯಿಸಿದ ಸಾರಿನ ಮಾಂಸವನ್ನೇ ತಿಂದು ಬೆಳೆದ ನಮಗೆ ಮೊದಲನೆಯದು ಒಮ್ಮೆಗೇ ಒಗ್ಗುವುದು ಕಷ್ಟ. ‘ಆ ಪುಂತೊ’ ಎಂದು ಕೇಳಿ ಆರಂಭಿಸಿ. ಅರ್ಜೆಂಟೀನಾದ ಸಾಮಾನ್ಯ ಜನರೂ ಮನೆಗಳಲ್ಲಿ ಸಾಕಷ್ಟು ಬೆಂದದ್ದನ್ನೇ ತಿನ್ನುತ್ತಾರೆ, ಆದ್ದರಿಂದ ಪೂರ್ತಿ ಬೇಯಿಸಿ ಎಂದು ಕೇಳಲು ಸಂಕೋಚ ಬೇಕಿಲ್ಲ. ಹಾಗೆ ಕೇಳುವುದಿದ್ದರೆ ಲೋಮೊ ಬಿಟ್ಟು ಅಸಾದೊ ದೆ ತೀರಾ ಅಥವಾ ಬಸೀಯೊ ಆರಿಸಿಕೊಳ್ಳಿ; ದೀರ್ಘ ಕಾಲ ಬೆಂದರೂ ಇವು ಒಣಗುವುದಿಲ್ಲ.

ಕೊಯ್ದಾಗ ತಟ್ಟೆಗೆ ಇಳಿಯುವ ಕೆಂಪು ದ್ರವ ರಕ್ತವಲ್ಲ. ಮಾಂಸಖಂಡದಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ನೀರಿನೊಡನೆ ಬೆರೆತು ಆ ಬಣ್ಣ ಬರುತ್ತದೆ. ಬೇಯಿಸಿದ ಮಟ್ಟ ಕಡಿಮೆ ಎನಿಸಿದರೆ ಮತ್ತೆ ಒಲೆಗೆ ಕಳುಹಿಸಬಹುದು, ‘ಉನ್ ಪೋಕೊ ಮಾಸ್’ ಅಂದರೆ ಸಾಕು. ಹೆಚ್ಚಾಗಿ ಬೆಂದದ್ದನ್ನು ಹಿಂದಕ್ಕೆ ತರಲಾಗದು. ಆದ್ದರಿಂದ ಅನುಮಾನವಿದ್ದಾಗ ಒಂದು ಮಟ್ಟ ಕಡಿಮೆಯನ್ನೇ ಹೇಳಿ. ಇದಕ್ಕೆ ಮಕ್ಕಳ ವಿಷಯದಲ್ಲಿ ವಿನಾಯಿತಿ ಇದೆ. ಸರಿಯಾಗಿ ಬೇಯದ ಮಾಂಸದಿಂದ, ಅದರಲ್ಲೂ ಕೊಚ್ಚಿದ ಮಾಂಸದಿಂದ, ಬರಬಹುದಾದ ಈ-ಕೋಲಿ ಸೋಂಕು ಪುಟ್ಟ ಮಕ್ಕಳ ಮೂತ್ರಪಿಂಡಗಳಿಗೆ ಹಾನಿ ಮಾಡುವ ಕಾಯಿಲೆ ಅರ್ಜೆಂಟೀನಾದಲ್ಲಿ ಗಂಭೀರ ಸಮಸ್ಯೆಯಾಗಿದ್ದು, ಅಲ್ಲಿನ ಆರೋಗ್ಯ ಇಲಾಖೆ ಅದರ ಬಗ್ಗೆ ಸತತವಾಗಿ ಎಚ್ಚರಿಸುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಪೂರ್ತಿ ಬೆಂದದ್ದನ್ನೇ ಕೊಡಿ.

ದನದ ಮಾಂಸ ತಿನ್ನದವರಿಗೆ, ಸಸ್ಯಾಹಾರಿಗಳಿಗೆ

ದನದ ಮಾಂಸ ಬಿಟ್ಟು ಬೇರೆ ಮಾಂಸ ತಿನ್ನುವವರಿಗೆ ಹಲವು ಪರೀಷಾಗಳಲ್ಲಿ ಕೋಳಿ ಸಿಗುತ್ತದೆ, ಅದನ್ನು ‘ಪೋಷೊ’ ಎನ್ನುತ್ತಾರೆ. ಹಂದಿ ತಿನ್ನುವವರು ಕುತ್ತಿಗೆಯ ಭಾಗದ ‘ಬೊಂದಿಯೋಲಾ’ ಅಥವಾ ತೆಳುವಾದ ‘ಮತಂಬ್ರೀತೊ ದೆ ಸೆರ್ದೊ’ ಕೇಳಬಹುದು. ಕೊಡಗಿನ ಓದುಗರಿಗೆ ಎರಡನೆಯದು ಇಷ್ಟವಾದೀತು. ಪಟಗೋನಿಯಾದ ಕುರಿಮರಿ ‘ಕೊರ್ದೇರೊ’ ಎಲ್ಲ ಕಡೆ ಇರುವುದಿಲ್ಲ, ಇದ್ದರೆ ಬಿಡಬೇಡಿ. ಸಾಸೇಜ್‌ಗಳಲ್ಲಿ ಮಾತ್ರ ಎರಡು ಮಾಂಸ ಬೆರೆತಿರುವ ಕಾರಣ ಅವನ್ನು ದೂರವಿಡುವುದೇ ಕ್ಷೇಮ.

ಪೂರ್ಣ ಸಸ್ಯಾಹಾರಿಗಳು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದ್ದು ಎಂದಷ್ಟೇ ಕೇಳಿದರೆ ಕೋಳಿಯೋ ಹಂದಿಯ ಹ್ಯಾಮೋ ಹಾಕಿದ ತಟ್ಟೆ ಬರುವ ಸಾಧ್ಯತೆ ಇದೆ, ಏಕೆಂದರೆ ಅಲ್ಲಿ ‘ಕಾರ್ನೆ’ ಎಂದರೆ ಜನರ ಮನಸ್ಸಿಗೆ ಬರುವುದು ದನದ ಮಾಂಸ. ಗಂಡಸರು ‘ಸೋಯ್ ವೆಹೆತರಿಯಾನೊ’ ಎಂದೂ ಹೆಂಗಸರು ‘ಸೋಯ್ ವೆಹೆತರಿಯಾನಾ’ ಎಂದೂ ಹೇಳಿ, ‘ನಿ ಪೋಷೊ, ನಿ ಹಮೋನ್, ನಿ ಪೆಸ್ಕಾದೊ’ ಎಂದು ಕೋಳಿ, ಹ್ಯಾಮ್, ಮೀನು ಮೂರನ್ನೂ ಹೆಸರಿಸಿ ಬೇಡವೆನ್ನಿ. ಮೊಟ್ಟೆ ಬೇಡದಿದ್ದರೆ ‘ಸಿನ್ ವೇವೊ’. ಇದನ್ನು ಮೇಜು ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ಅಡುಗೆಮನೆ ಏನಾದರೂ ಸಿದ್ಧ ಮಾಡಿಕೊಂಡಿರುತ್ತದೆ.

ಏನು ತಿನ್ನಬಹುದು? ಪ್ರೊವೊಲೆತಾ ಬಹುತೇಕ ಎಲ್ಲೆಡೆ ಇದೆ. ಜೋಳದ ಹೂರಣದ ‘ಉಮೀತಾ’ ಎಂಪನಾದಾ ರುಚಿಕರ, ಆದರೆ ಹೊರಗಿನ ಹಿಟ್ಟನ್ನು ದನದ ಕೊಬ್ಬು ಹಾಕಿ ಕಲಸುವುದು ಅಲ್ಲಿ ವಾಡಿಕೆ, ‘ತಿಯೇನೆ ಗ್ರಾಸಾ?’ ಎಂದು ಕೇಳಿ ಖಚಿತಪಡಿಸಿಕೊಳ್ಳದೆ ತಿನ್ನಬೇಡಿ. ಆಲೂಗಡ್ಡೆ ಕರಿಯುವ ಎಣ್ಣೆಯ ಬಗ್ಗೆಯೂ ಅದೇ ಪ್ರಶ್ನೆ ಕೇಳುವುದು ಒಳಿತು. ಸುಟ್ಟ ತರಕಾರಿಗಳು ಮಾಂಸವಿದ್ದ ಜಾಲರಿಯ ಮೇಲೆಯೇ ಬೇಯುತ್ತವೆ. ಅದು ಒಪ್ಪದವರಿಗೆ ಒಂದು ಸೊಗಸಾದ ಪರ್ಯಾಯವಿದೆ: ‘ಪಾಪಾ ಅಲ್ ಪ್ಲೋಮೊ’, ಅಂದರೆ ಆಲೂಗಡ್ಡೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕೆಂಡದೊಳಗೆ ಹುದುಗಿಸಿ ಬೇಯಿಸಿದ್ದು. ಹಾಳೆ ಬಿಡಿಸಿದಾಗ ಆವಿಯೊಡನೆ ಹೊಗೆಯ ಘಮ ಏಳುತ್ತದೆ. ಬೆಣ್ಣೆ, ಉಪ್ಪು ಹಾಕಿ ತಿಂದರೆ ಅದೇ ಒಂದು ಊಟ. ಎಲ್ಲ ಪಟ್ಟಿಗಳಲ್ಲೂ ಇರುವುದಿಲ್ಲ, ಆದರೆ ಕೇಳಿದರೆ ಮಾಡಿಕೊಡುವವರಿದ್ದಾರೆ. ಇಟಲಿಯ ವಲಸಿಗರು ಕಟ್ಟಿದ ನಗರವಾದ್ದರಿಂದ ಓಣಿಯ ಪರೀಷಾಗಳಲ್ಲಿ ಪಾಸ್ತಾ ಸಹ ಸಿಗುತ್ತದೆ, ಮತ್ತು ಪ್ರತಿ ತಿಂಗಳ 29ನೇ ತಾರೀಕು ಆಲೂಗಡ್ಡೆಯ ‘ನ್ಯೋಕಿ’ ತಿನ್ನುವ, ತಟ್ಟೆಯ ಕೆಳಗೆ ಅದೃಷ್ಟಕ್ಕೆಂದು ಹಣ ಇಡುವ ಪದ್ಧತಿ ಇದೆ. ಮಾಂಸರಹಿತ ಸಾಸ್ ಬೇಕೆಂದು ಹೇಳುವುದನ್ನು ಅಲ್ಲಿಯೂ ಮರೆಯಬೇಡಿ.

ದನಕರುಗಳ ಬಗ್ಗೆಯೇ ಆಸಕ್ತಿ ಇರುವವರಿಗೆ ಒಂದು ಮಾತು. ದೊನ್ ಹೂಲಿಯೊದಂಥ ಮನೆಗಳು ಹುಲ್ಲು ಮೇಯ್ದ ಆಂಗಸ್ ಮತ್ತು ಹೆರೆಫೋರ್ಡ್ ತಳಿಗಳನ್ನು ಬಳಸುತ್ತವೆ. ಇವು ಬ್ರಿಟನ್ ಮೂಲದವು, ಪಂಪಾಸ್ ಬಯಲಿನ ತಂಪು ಹವೆಗೆ ಹೊಂದಿಕೊಂಡವು. ಬಿಸಿಲಿನ ಉತ್ತರ ಅರ್ಜೆಂಟೀನಾದಲ್ಲಿ ಮಾತ್ರ ಬ್ರಾಂಗಸ್, ಬ್ರಾಫೋರ್ಡ್ ಎಂಬ ಮಿಶ್ರತಳಿಗಳಿವೆ. ಅವುಗಳಲ್ಲಿ ಬೆರೆತಿರುವ ಬ್ರಾಹ್ಮನ್ ತಳಿಯನ್ನು ಅಮೆರಿಕದಲ್ಲಿ ರೂಪಿಸಿದ್ದು ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ದನಗಳಿಂದ ಮತ್ತು ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆಯ ತಳಿಯಿಂದ.

ವೈನ್, ಸಿಹಿ ಮತ್ತು ಕುಳಿತುಕೊಳ್ಳುವ ಹೊತ್ತು

ವೈನ್ ಕುಡಿಯುವವರು ಮೆಂಡೋಸಾ ಪ್ರಾಂತ್ಯದ ಮಾಲ್ಬೆಕ್‌ನಿಂದ ಆರಂಭಿಸಲಿ. ಫ್ರಾನ್ಸಿನಿಂದ 19ನೇ ಶತಮಾನದ ನಡುವಿನಲ್ಲಿ ಬಂದ ಈ ದ್ರಾಕ್ಷಿ ಆಂಡಿಸ್ ಪರ್ವತದ ಬುಡದ ಎತ್ತರದ ತೋಟಗಳಲ್ಲಿ ತನ್ನ ತವರಿಗಿಂತ ಹೆಚ್ಚು ಹೆಸರು ಮಾಡಿದೆ. ಅದೇ ಪ್ರಾಂತ್ಯದ ಊಕೊ ಕಣಿವೆಯ ವೈನ್ ರುಚಿಯಲ್ಲಿ ಚುರುಕು, ಲುಹಾನ್ ದೆ ಕೂಯೊದ್ದು ಹೆಚ್ಚು ಮೃದು. ಪಟ್ಟಿ ಪುಸ್ತಕದಷ್ಟು ದಪ್ಪವಿದ್ದರೆ ಗಾಬರಿಯಾಗದೆ, ನಿಮ್ಮ ಬೆಲೆಯ ಮಿತಿಯನ್ನು ಬೆರಳಿಟ್ಟು ತೋರಿಸಿ ವೈನ್ ನೋಡಿಕೊಳ್ಳುವವರ ಸಲಹೆ ಕೇಳಿ. ಸಾಲ್ತಾ ಪ್ರಾಂತ್ಯದ ಕಫಾಯಾತೆಯ ಬಿಳಿ ವೈನ್ ತೊರ್ರೊಂತೇಸ್ ಎಂಪನಾದಾ ಜೊತೆ ಚೆನ್ನಾಗಿ ಹೋಗುತ್ತದೆ. ಕುಡಿಯದವರು ‘ಆಗ್ವಾ ಸಿನ್ ಗಾಸ್’ ಎಂದರೆ ಸಾದಾ ನೀರು, ‘ಕೊನ್ ಗಾಸ್’ ಎಂದರೆ ಸೋಡಾ ನೀರು ಬರುತ್ತದೆ.

ಸಿಹಿಗೆ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಳ್ಳಿ. ಹಾಲು, ಸಕ್ಕರೆ ಕಾಯಿಸಿ ಕಂದು ಬಣ್ಣಕ್ಕೆ ಇಳಿಸಿದ ‘ದುಲ್ಸೆ ದೆ ಲೆಚೆ’ ತುಂಬಿದ ಪಾನ್‌ಕೇಕ್ ಅಥವಾ ಮೊಟ್ಟೆ-ಹಾಲಿನ ಪುಡ್ಡಿಂಗ್‌ನ ಪಕ್ಕದಲ್ಲಿ ಅದನ್ನೂ ಕೆನೆಯನ್ನೂ ಇಟ್ಟ ‘ಫ್ಲಾನ್ ಮಿಕ್ಸ್ತೊ’ ಒಂದು ತರಿಸಿದರೆ ಇಬ್ಬರಿಗೆ ಸಾಕು. ಊಟ ಮುಗಿದ ಮೇಲೂ ಗಂಟೆಗಟ್ಟಲೆ ಮಾತನಾಡುತ್ತ ಕೂರುವುದು ಅಲ್ಲಿನ ರೂಢಿ. ಹಾಗಾಗಿ ನೀವು ಕೇಳುವವರೆಗೆ ಬಿಲ್ ತರುವುದಿಲ್ಲ. ಅದು ಅಲಕ್ಷ್ಯವಲ್ಲ, ಮರ್ಯಾದೆ. ಆದರೆ ಹೊರಗೆ ಜನ ಕಾಯುತ್ತಿರುವ ಮನೆಗಳಲ್ಲಿ ಎರಡು ಗಂಟೆ ಮೀರದಂತೆ ಏಳುವುದು ಸೌಜನ್ಯ.

ಕೊನೆಯ ಹೆಜ್ಜೆ: ಬಿಲ್ ಮತ್ತು ಹೊರಡುವುದು

‘ಲಾ ಕ್ವೆಂತಾ, ಪೋರ್ ಫವೋರ್’ ಎಂದರೆ ಬಿಲ್ ಬರುತ್ತದೆ. ಅದರಲ್ಲಿ ‘ಕುಬಿಯೆರ್ತೊ’ ಎಂಬ ಬಾಬ್ತು ತಲೆಗಿಷ್ಟು ಎಂದು ಸೇರಿರಬಹುದು. ಅದು ಬ್ರೆಡ್ಡಿಗೆ, ಮೇಜು ಸಜ್ಜುಗೊಳಿಸುವುದಕ್ಕೆ ಹಾಕುವ ದರ, ಬಡಿಸಿದವರ ಭಕ್ಷೀಸು ಅಲ್ಲ. ಭಕ್ಷೀಸು ಬಿಲ್‌ನ ಶೇ 10ರಷ್ಟು ಕೊಡುವುದು ವಾಡಿಕೆ, ಅಲ್ಲಿನ ಹಣವಾದ ಪೆಸೊ ನೋಟುಗಳಲ್ಲೇ ಕೊಡುವುದು ಮೇಲು. ಪಟ್ಟಿಯ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಹಣದುಬ್ಬರದಿಂದಾಗಿ ಅರ್ಜೆಂಟೀನಾದ ಬೆಲೆಗಳು ಬೇಗ ಬದಲಾಗುವುದರಿಂದ, ಹಿಂದಿನ ವರ್ಷ ಹೋಗಿಬಂದವರು ಹೇಳಿದ ಮೊತ್ತವನ್ನು ನಂಬದೆ ಆಯಾ ಮನೆಯ ಜಾಲತಾಣದ ಪಟ್ಟಿಯನ್ನು ಹೋಗುವ ವಾರದಲ್ಲೇ ನೋಡಿಕೊಳ್ಳಿ. ಹಿಂದೆ ಡಾಲರ್ ನೋಟು ಒಯ್ದು ಬೀದಿಯಲ್ಲಿ ಬದಲಿಸಿದರೆ ಅಧಿಕೃತ ದರದ ದುಪ್ಪಟ್ಟಿನಷ್ಟು ಸಿಗುತ್ತಿದ್ದ ಕಾಲವಿತ್ತು. 2025ರ ಏಪ್ರಿಲ್‌ನಲ್ಲಿ ಸರ್ಕಾರ ವ್ಯಕ್ತಿಗಳ ಮೇಲಿನ ವಿದೇಶಿ ವಿನಿಮಯದ ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಆ ಅಂತರ ತೀರ ಕುಗ್ಗಿದೆ. ಈಗ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಲ್ಲೇ ಬಿಲ್ ಕೊಟ್ಟು, ಭಕ್ಷೀಸಿಗೆ, ಟ್ಯಾಕ್ಸಿಗೆ ಬೇಕಾದಷ್ಟು ಪೆಸೊ ಇಟ್ಟುಕೊಂಡರೆ ಸಾಕು. ಯಂತ್ರದಲ್ಲಿ ಯಾವ ಕರೆನ್ಸಿ ಎಂದು ಕೇಳಿದರೆ ಪೆಸೊ ಎಂದೇ ಆರಿಸಿ. ರೂಪಾಯಿಯಲ್ಲೋ ಡಾಲರಿನಲ್ಲೋ ಕೊಟ್ಟರೆ ವಿನಿಮಯದ ದರದಲ್ಲಿ ನಷ್ಟವಾಗುತ್ತದೆ.

ಮಾಂಸ ಉಳಿದಿದ್ದರೆ ‘ಪರಾ ಷೆವಾರ್’ ಎನ್ನಿ, ಕಟ್ಟಿ ಕೊಡುತ್ತಾರೆ. ಹೋಟೆಲಿನ ಫ್ರಿಜ್‌ನಲ್ಲಿಟ್ಟು ಮರುದಿನ ಬೆಳಗ್ಗೆ ತೆಳ್ಳಗೆ ಹೆಚ್ಚಿ, ಉಳಿದ ಚಿಮಿಚುರ್ರಿ ಸವರಿದ ಬ್ರೆಡ್ಡಿನ ನಡುವೆ ಇಟ್ಟು ತಿನ್ನಬಹುದು. ದೇಶದೊಳಗಿನ ದೀರ್ಘ ಬಸ್ಸು ಪ್ರಯಾಣವಿದ್ದರೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ವಿಮಾನದಲ್ಲಿ ಬೇರೆ ದೇಶಕ್ಕೆ ಮಾತ್ರ ಒಯ್ಯಬೇಡಿ, ಗಡಿಯಲ್ಲಿ ಮಾಂಸದ ಪದಾರ್ಥಗಳನ್ನು ತಡೆಯುತ್ತಾರೆ. ರಾತ್ರಿ ತಡವಾದರೆ ಮೆಟ್ರೊ ಸಿಗದಿರಬಹುದು. ಊಟದ ಮನೆಯವರಿಗೇ ಹೇಳಿ ಟ್ಯಾಕ್ಸಿ ಕರೆಸಿಕೊಂಡು, ಅದು ಬಾಗಿಲಿಗೆ ಬಂದ ಮೇಲೆಯೇ ಹೊರಗೆ ಹೋಗಿ.